ಕುಡಿದು ಗಾಡಿ ಓಡಿಸಿದ ಕೇಸು ವೀಸಾ ಅರ್ಜಿಯವರೆಗೂ ಬರುತ್ತದೆ

ಕಾರವಾರಕ್ಕೆ ಗೋವಾ ಗಡಿ ತೀರಾ ಹತ್ತಿರ. ಸದಾಶಿವಗಡ ದಾಟಿ ಮಾಜಾಳಿ ಚೆಕ್‌ಪೋಸ್ಟ್ ಕಳೆದರೆ ಆಯಿತು, ಗೋವಾದ ಪೋಳೆಂ. ಅಲ್ಲಿ ಮದ್ಯ ಅಗ್ಗ ಎಂದು ಇಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಶನಿವಾರ ಸಂಜೆ ಬೈಕ್ ಹತ್ತಿ ಹೋಗಿ, ಕುಡಿದು, ರಾತ್ರಿ ಅದೇ ಬೈಕಿನಲ್ಲಿ ಎನ್‌ಎಚ್ 66ರ ಮೇಲೆ ವಾಪಸ್ ಬರುವವರು ಇದ್ದಾರೆ. ಅವರಲ್ಲಿ ಕೆಲವರು ಪೊಲೀಸರ ಕೈಗೆ ಸಿಗುತ್ತಾರೆ. ಕೋರ್ಟಿಗೆ ಹೋಗಿ ದಂಡ ಕಟ್ಟುತ್ತಾರೆ. "ಹತ್ತು ಸಾವಿರ ಹೋಯ್ತು, ಕೇಸು ಮುಗೀತು" ಎಂದು ಮನೆಯಲ್ಲಿ ಹೇಳುತ್ತಾರೆ.

ಊರಲ್ಲೇ ಇರುವವನಿಗೆ ಆ ಮಾತು ಹೆಚ್ಚುಕಡಿಮೆ ನಿಜ. ಆದರೆ ನಮ್ಮ ಜಿಲ್ಲೆಯಲ್ಲಿ ಹೊರದೇಶದ ನಂಟು ಇಲ್ಲದ ಮನೆ ಎಷ್ಟಿವೆ? ಭಟ್ಕಳ, ಮುರ್ಡೇಶ್ವರದ ಕಡೆಯವರು ದುಬೈ, ಸೌದಿ, ಕುವೈತ್‌ನಲ್ಲಿದ್ದಾರೆ. ಶಿರಸಿ, ಸಿದ್ದಾಪುರದ ಅಡಿಕೆ ತೋಟದ ಮನೆಗಳ ಮಕ್ಕಳು ಅಮೆರಿಕ, ಕೆನಡಾ, ಆಸ್ಟ್ರೇಲಿಯಾದಲ್ಲಿದ್ದಾರೆ. ಕಾರವಾರ, ಅಂಕೋಲಾ, ಕುಮಟಾದ ಹುಡುಗರು ಹಡಗಿನ ಕೆಲಸಕ್ಕೆ ಹೋಗುತ್ತಾರೆ. ಇವರ ಪಾಲಿಗೆ ಆ ಕೇಸು ಮುಗಿದಿರುವುದಿಲ್ಲ. ಯಾವ ದೇಶದಲ್ಲಿ ಎಷ್ಟರ ಮಟ್ಟಿಗೆ ಅಡ್ಡ ಬರುತ್ತದೆ, ಎಷ್ಟು ವರ್ಷ ಬರುತ್ತದೆ ಎಂಬುದು ಒಂದೊಂದು ಕಡೆ ಒಂದೊಂದು ಥರ. ಅದನ್ನು ಬಿಡಿಸಿ ನೋಡೋಣ.

ಮೊದಲು ನಮ್ಮ ಕಾನೂನು. ಮೋಟಾರು ವಾಹನ ಕಾಯ್ದೆ 1988ರ 185ನೇ ಕಲಂ ಪ್ರಕಾರ, 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಜಾಸ್ತಿ ಆಲ್ಕೋಹಾಲ್ ಇಟ್ಟುಕೊಂಡು ಗಾಡಿ ಓಡಿಸುವುದು ಅಪರಾಧ. ಸ್ಕೂಟರ್ ಆದರೂ ಅಷ್ಟೇ, ಲಾರಿ ಆದರೂ ಅಷ್ಟೇ. ಮೊದಲ ಸಲಕ್ಕೆ 6 ತಿಂಗಳವರೆಗೆ ಜೈಲು, ಇಲ್ಲವೇ 10,000 ರೂಪಾಯಿ ದಂಡ, ಇಲ್ಲವೇ ಎರಡೂ. ಮತ್ತೆ ಸಿಕ್ಕಿಬಿದ್ದರೆ 2 ವರ್ಷದವರೆಗೆ ಜೈಲು, ಇಲ್ಲವೇ 15,000 ದಂಡ, ಇಲ್ಲವೇ ಎರಡೂ. ಲೈಸೆನ್ಸ್ ಅಮಾನತು ಬೇರೆ. 2019ರ ತಿದ್ದುಪಡಿಗೆ ಮೊದಲು ಮೊದಲ ಸಲದ ದಂಡ 2,000ದವರೆಗೆ ಇತ್ತು. ಗಡಿಯ ಆಚೆ ಕಾಣಕೋಣದಲ್ಲಿ ಸಿಕ್ಕರೂ ಇದೇ ಕಾಯ್ದೆ, ಕೋರ್ಟ್ ಮಾತ್ರ ಆ ಕಡೆಯದು.

ಹೆಲ್ಮೆಟ್ ಇಲ್ಲದಿದ್ದರೆ ರಸ್ತೆ ಪಕ್ಕದಲ್ಲೇ ದಂಡ ಕಟ್ಟಿ ಬಿಡಿಸಿಕೊಳ್ಳಬಹುದು. 185ನೇ ಕಲಮಿಗೆ ಆ ಅವಕಾಶ ಇಲ್ಲ. ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಲೇಬೇಕು. ಜನ ಗಮನಿಸದೆ ಬಿಡುವ ವ್ಯತ್ಯಾಸ ಇರುವುದು ಇಲ್ಲೇ.

ಕೋರ್ಟಿನಲ್ಲಿ ಆಗುವುದೇನು? ಹೆಸರು ಕರೆಯುತ್ತಾರೆ. ಆರೋಪ ಹೇಳಿ, ತಪ್ಪು ಒಪ್ಪಿಕೊಳ್ಳುತ್ತೀರಾ ಎಂದು ಕೇಳುತ್ತಾರೆ. ಕೆಲಸಕ್ಕೆ ರಜೆ ಹಾಕಿ ಬಂದಿರುತ್ತೀರಿ, ಬೈಕ್ ಇನ್ನೂ ಸ್ಟೇಷನ್ ಅಂಗಳದಲ್ಲಿರುತ್ತದೆ, ಬೇಗ ಮುಗಿದರೆ ಸಾಕಾಗಿರುತ್ತದೆ. "ಹೌದು ಸ್ವಾಮಿ" ಎನ್ನುತ್ತೀರಿ. ದಂಡ ಹೇಳುತ್ತಾರೆ, ಕಟ್ಟಿ ರಶೀದಿ ತೆಗೆದುಕೊಂಡು ಹೊರಗೆ ಬರುತ್ತೀರಿ. ಐದು ನಿಮಿಷವೂ ಹಿಡಿಯದು. ಅಷ್ಟರಲ್ಲಿ ಒಂದು ಕ್ರಿಮಿನಲ್ ಕೋರ್ಟು ನಿಮ್ಮನ್ನು ಅಪರಾಧಿ ಎಂದು ತೀರ್ಮಾನಿಸಿ ಆಗಿರುತ್ತದೆ. ಜೈಲಿಗೆ ಹೋಗದಿದ್ದರೂ ಅದು ಶಿಕ್ಷೆಯೇ. ನೀವೇ ಒಪ್ಪಿಕೊಂಡಿದ್ದರಿಂದ ಮುಂದೆ ಅಪೀಲು ಹೋದರೂ ಶಿಕ್ಷೆಯ ಪ್ರಮಾಣ ಅಥವಾ ಅದು ಕಾನೂನಿಗೆ ಸರಿಯೇ ಎಂಬುದನ್ನಷ್ಟೇ ಪ್ರಶ್ನಿಸಬಹುದು. ದೊಡ್ಡವರ ಮೇಲಿನ ಇಂಥ ದಾಖಲೆಯನ್ನು ಕೆಲವು ವರ್ಷ ಬಿಟ್ಟು ಅಳಿಸಿಹಾಕುವ ಸಾಮಾನ್ಯ ವ್ಯವಸ್ಥೆ ನಮ್ಮಲ್ಲಿಲ್ಲ.

ಕುಡಿದು ಓಡಿಸಿದವನು ತಪ್ಪು ಒಪ್ಪಿಕೊಳ್ಳಬಾರದು ಎಂದು ನಾನು ಹೇಳುತ್ತಿಲ್ಲ. ಈ ಹೆದ್ದಾರಿಯಲ್ಲಿ ಸತ್ತವರ ಮನೆಯವರ ಮುಖ ನೋಡಿದವರು ಯಾರೂ ಹಾಗೆ ಹೇಳಲಾರರು. ಆದರೆ ಏನನ್ನು ಒಪ್ಪಿಕೊಳ್ಳುತ್ತಿದ್ದೇನೆ ಎಂದು ಗೊತ್ತಿದ್ದು ಒಪ್ಪಿಕೊಳ್ಳಬೇಕು. ಹೊರದೇಶದ ಯೋಚನೆ ಇದ್ದರೆ "ಹೌದು" ಎನ್ನುವ ಮೊದಲು ವಕೀಲರ ಹತ್ತಿರ ಕೂತು ಮಾತಾಡಿ. ಈ ಕಲಮಿನಡಿ ಬಂಧಿಸಿದರೆ ಎರಡು ಗಂಟೆಯೊಳಗೆ ವೈದ್ಯಕೀಯ ಪರೀಕ್ಷೆ ಆಗಬೇಕು ಎಂದು ಕಾಯ್ದೆಯೇ ಹೇಳುತ್ತದೆ. ನಿಮ್ಮ ವಿಷಯದಲ್ಲಿ ಅದು ನಡೆದಿದೆಯಾ ಎಂದು ಅವರು ನೋಡುತ್ತಾರೆ. 1958ರ ಪ್ರೊಬೇಷನ್ ಆಫ್ ಅಫೆಂಡರ್ಸ್ ಕಾಯ್ದೆಯಡಿ ಎಚ್ಚರಿಕೆ ಕೊಟ್ಟು ಬಿಡುವಂತೆ ಕೇಳಬಹುದಾ ಎಂದೂ ವಿಚಾರಿಸಿ. ಅದು ಸಿಕ್ಕರೆ ನಮ್ಮ ದೇಶದೊಳಗೆ ಆ ತೀರ್ಪಿನಿಂದ ಬರುವ ಅನರ್ಹತೆ ತಪ್ಪುತ್ತದೆ. ವೀಸಾ ಅರ್ಜಿಯಲ್ಲಿ ಮಾತ್ರ ಆಗಲೂ ವಿಷಯ ಹೇಳಲೇಬೇಕಾಗುತ್ತದೆ.

ಇನ್ನೊಂದು ಸಣ್ಣ ವಸ್ತು, ಬಹಳ ಮುಖ್ಯವಾದದ್ದು. ಪೊಲೀಸರ ಉಸಿರು ಪರೀಕ್ಷೆಯಲ್ಲಿ ಸ್ಟ್ರಾ ಬಾಯಿಗಿಟ್ಟು ಊದಿದ ಮೇಲೆ ಯಂತ್ರದಿಂದ ಅಂಗಡಿ ಬಿಲ್ಲಿನಂಥ ಚೀಟಿ ಬರುತ್ತದೆ. ಅದರ ಮೇಲೆ ದಿನಾಂಕ, ಸಮಯ, ರಕ್ತದಲ್ಲಿನ ಆಲ್ಕೋಹಾಲ್ ಎಷ್ಟೆಂದು ಹೇಳುವ ಒಂದು ಅಂಕಿ. 42 ಇರಬಹುದು, 142 ಇರಬಹುದು. ಇಲ್ಲಿನ ಕೋರ್ಟಿನಲ್ಲಿ ಎರಡಕ್ಕೂ ದಂಡ ಒಂದೇ ಆಗಿದ್ದೀತು. ಸಮುದ್ರದಾಚೆ ಆ ಎರಡು ಅಂಕಿಗಳ ನಡುವೆ ಅಜಗಜಾಂತರ. ಥರ್ಮಲ್ ಕಾಗದವಾದ್ದರಿಂದ ಬೀರುವಿನಲ್ಲಿಟ್ಟರೂ ಅಕ್ಷರ ಮಾಸುತ್ತದೆ. ಕೈಗೆ ಸಿಕ್ಕ ದಿನವೇ ಫೋಟೋ ತೆಗೆದಿಡಿ.

ಈಗ ಪಾಸ್‌ಪೋರ್ಟ್. ಬರೀ ದಂಡ ಕಟ್ಟಿ ಮುಗಿದ ಕೇಸಿನಿಂದ ಪಾಸ್‌ಪೋರ್ಟ್ ತಪ್ಪುವುದಿಲ್ಲ. 1967ರ ಪಾಸ್‌ಪೋರ್ಟ್ ಕಾಯ್ದೆ ಶಿಕ್ಷೆಯ ಕಾರಣಕ್ಕೆ ನಿರಾಕರಿಸುವುದು ನೈತಿಕ ಅಧಃಪತನದ ಅಪರಾಧಕ್ಕೆ, ಅದೂ ಕಳೆದ 5 ವರ್ಷದೊಳಗೆ ಕನಿಷ್ಠ 2 ವರ್ಷ ಜೈಲು ಶಿಕ್ಷೆ ಆಗಿದ್ದರೆ. ತೊಂದರೆ ಕೊಡುವುದು ಮುಗಿಯದ ಕೇಸು. ಕ್ರಿಮಿನಲ್ ಕೋರ್ಟಿನಲ್ಲಿ ಕೇಸು ಬಾಕಿ ಇದ್ದರೆ ಪಾಸ್‌ಪೋರ್ಟ್ ನಿರಾಕರಿಸಬಹುದು. ಅದಕ್ಕೂ ದಾರಿ ಇದೆ. 1993ರ ಆಗಸ್ಟ್ 25ರ ಅಧಿಸೂಚನೆಯಂತೆ, ಕೇಸು ನಡೆಯುತ್ತಿರುವ ಕೋರ್ಟಿನಿಂದಲೇ ಹೊರದೇಶಕ್ಕೆ ಹೋಗಲು ಅನುಮತಿ ತಂದರೆ ಪಾಸ್‌ಪೋರ್ಟ್ ಕೊಡುತ್ತಾರೆ. ಎಷ್ಟು ವರ್ಷಕ್ಕೆ ಎಂದು ಕೋರ್ಟು ಹೇಳದಿದ್ದರೆ ಒಂದೇ ವರ್ಷಕ್ಕೆ. ಸಮನ್ಸ್ ಬಂದಾಗ ಹೋಗದೆ ಸುಮ್ನೆ ಕೂತವರು ಸಿಕ್ಕಿಹಾಕಿಕೊಳ್ಳುವುದು ಇಲ್ಲೇ. ಕೇಸು ಮರೆತುಹೋಗಿರುತ್ತದೆ, ಪಾಸ್‌ಪೋರ್ಟ್ ನವೀಕರಣದ ಹೊತ್ತಿಗೆ ಎದುರು ಬಂದು ನಿಲ್ಲುತ್ತದೆ.

ಈ ವಿಷಯದಲ್ಲಿ ಬಲು ಕಟ್ಟುನಿಟ್ಟಿನ ದೇಶವೆಂದರೆ ಕೆನಡಾ. ಅಲ್ಲಿ 2018ರ ಡಿಸೆಂಬರ್ 18ರಿಂದ ಕುಡಿದು ಓಡಿಸುವ ಅಪರಾಧದ ಗರಿಷ್ಠ ಶಿಕ್ಷೆ 5 ವರ್ಷದಿಂದ 10 ವರ್ಷಕ್ಕೆ ಏರಿತು. ಗರಿಷ್ಠ ಶಿಕ್ಷೆ 10 ವರ್ಷ ಮುಟ್ಟುವ ಅಪರಾಧವನ್ನು ಅವರ ವಲಸೆ ಕಾನೂನು ಗಂಭೀರ ಅಪರಾಧ ಎಂದು ಎಣಿಸುತ್ತದೆ. ಇಲ್ಲಿ ನಿಮಗೆ ನಿಜವಾಗಿ ಎಷ್ಟು ಶಿಕ್ಷೆ ಆಯಿತು ಎಂಬುದನ್ನು ಅವರು ನೋಡುವುದಿಲ್ಲ. ಇದೇ ಕೆಲಸ ಕೆನಡಾದಲ್ಲಿ ಮಾಡಿದ್ದರೆ ಎಷ್ಟು ಶಿಕ್ಷೆ ಆಗಬಹುದಿತ್ತು ಎಂದು ನೋಡುತ್ತಾರೆ. ಹಾಗಾಗಿ ಕಾರವಾರದ ಕೋರ್ಟಿನ ಹತ್ತು ಸಾವಿರ ರೂಪಾಯಿ ದಂಡ ಅಲ್ಲಿ ಪ್ರವೇಶವನ್ನೇ ತಡೆಯಬಲ್ಲದು. ಓದಲು ಹೋಗುವವನಿಗೂ ಅಷ್ಟೇ, ಪ್ರವಾಸಕ್ಕೆ ಹೋಗುವವನಿಗೂ ಅಷ್ಟೇ.

ಚೀಟಿಯ ಅಂಕಿ ಮುಖ್ಯವಾಗುವುದು ಇಲ್ಲಿ. ಕೆನಡಾದ ಮಿತಿ 100 ಮಿಲಿಲೀಟರ್ ರಕ್ತಕ್ಕೆ 80 ಮಿಲಿಗ್ರಾಂ. ನಮ್ಮದು 30. ಅಂದರೆ 42 ಬಂದವನು ಆ 80ರ ಲೆಕ್ಕದಲ್ಲಿ ಅಲ್ಲಿ ಅಪರಾಧಿಯೇ ಆಗುತ್ತಿರಲಿಲ್ಲ. ಎರಡು ದೇಶಗಳ ಅಪರಾಧ ಒಂದಕ್ಕೊಂದು ಹೊಂದುತ್ತದೆಯೇ ಎಂದು ಅಧಿಕಾರಿ ತೂಗಿ ನೋಡುವಾಗ ಇದು ದೊಡ್ಡ ವಾದ. ಆದರೆ ಅಲ್ಲಿನ ಕಾನೂನಿಗೆ ಇನ್ನೊಂದು ಕೈ ಇದೆ. ಅಂಕಿ ಎಷ್ಟೇ ಇರಲಿ, ಅಮಲಿನಿಂದ ಗಾಡಿ ಓಡಿಸುವ ಸಾಮರ್ಥ್ಯ ಕುಂದಿತ್ತು ಎಂದಾದರೂ ಅಪರಾಧವೇ. ಪೊಲೀಸ್ ವರದಿಯಲ್ಲಿ "ಅಡ್ಡಾದಿಡ್ಡಿ ಓಡಿಸುತ್ತಿದ್ದ" ಎಂಬ ಒಂದು ಸಾಲಿದ್ದರೆ 42ರ ವಾದ ಬಡವಾಗುತ್ತದೆ. ಅದಕ್ಕೇ ಚೀಟಿ, ವರದಿ, ಆದೇಶ ಮೂರೂ ಕೈಯಲ್ಲಿರಬೇಕು. 142 ಬಂದವನಿಗೆ ಈ ವಾದದ ದಾರಿ ಇಲ್ಲ.

ಹಾಗಾದರೆ ಬಾಗಿಲು ಶಾಶ್ವತವಾಗಿ ಮುಚ್ಚಿತೇ? ಇಲ್ಲ. ಎರಡು ಉದಾಹರಣೆ ಇಟ್ಟುಕೊಳ್ಳೋಣ. ಶಿರಸಿಯ ಒಬ್ಬ ಅಪ್ಪ, ಮಗಳ ಬಾಣಂತನಕ್ಕೆ ಹೆಂಡತಿಯ ಜೊತೆ ಟೊರೊಂಟೊಗೆ ಹೋಗಬೇಕು. 2014ರಲ್ಲಿ ಒಂದು ಮದುವೆ ಮುಗಿಸಿ ಬರುವಾಗ ಸಿಕ್ಕಿ, ದಂಡ ಕಟ್ಟಿದ್ದರು. ಬೇರೆ ಕೇಸಿಲ್ಲ. 2018ರ ಡಿಸೆಂಬರ್‌ಗೆ ಮೊದಲಿನ ಒಂದೇ ಒಂದು ಅಪರಾಧ, ಶಿಕ್ಷೆ ಮುಗಿದು 10 ವರ್ಷ ಕಳೆದಿದೆ. ಇಂಥವರನ್ನು ಹಳೆಯ ನಿಯಮದಂತೆ ಸುಧಾರಿಸಿದವರು ಎಂದೇ ಪರಿಗಣಿಸಬಹುದು. ಪ್ರತ್ಯೇಕ ಕ್ಷಮೆಯ ಅರ್ಜಿ ಬೇಕಾಗದೇ ಹೋಗಬಹುದು. ವಿಷಯ ಮುಚ್ಚಿಡುವಂತಿಲ್ಲ, ಅಷ್ಟೇ.

ಇನ್ನೊಬ್ಬ ಅಂಕೋಲೆಯ ಹುಡುಗ. 2021ರ ಜೂನ್‌ನಲ್ಲಿ ದಂಡ ಕಟ್ಟಿದ, ಲೈಸೆನ್ಸ್ ಅನರ್ಹತೆ ಡಿಸೆಂಬರ್‌ಗೆ ಮುಗಿಯಿತು. ಇವನಿಗೆ ಹತ್ತು ವರ್ಷ ಕಾದರೂ ತಾನಾಗಿ ಏನೂ ಸರಿಹೋಗುವುದಿಲ್ಲ. ಶಿಕ್ಷೆ ಪೂರ್ತಿ ಮುಗಿದು 5 ವರ್ಷವಾದ ಮೇಲೆ, ಸುಧಾರಿಸಿದ್ದೇನೆ ಎಂದು ತೋರಿಸುವ ಕ್ರಿಮಿನಲ್ ರಿಹ್ಯಾಬಿಲಿಟೇಷನ್ ಎಂಬ ಅರ್ಜಿ ಹಾಕಬೇಕು. ಆ 5 ವರ್ಷ ಎಣಿಸಬೇಕಾದದ್ದು ಜೂನ್‌ನಿಂದ ಅಲ್ಲ. ಕೋರ್ಟು ಗಾಡಿ ಓಡಿಸಬಾರದು ಎಂದಿದ್ದರೆ ಆ ಅವಧಿ ಮುಗಿದ ದಿನದಿಂದ. ಶುಲ್ಕ ಸಾವಿರ ಕೆನಡಿಯನ್ ಡಾಲರಿಗಿಂತ ಜಾಸ್ತಿ. ತೀರ್ಮಾನಕ್ಕೆ ವರ್ಷದ ಮೇಲೂ ಹಿಡಿಯಬಹುದು. ಒಮ್ಮೆ ಸಿಕ್ಕರೆ, ಹೊಸ ಅಪರಾಧ ಮಾಡದ ಹೊರತು, ಆ ಹಳೆಯ ಕೇಸು ಮತ್ತೆ ಅಡ್ಡ ಬರುವುದಿಲ್ಲ. ಅಲ್ಲಿಯವರೆಗೆ ಹೋಗಲೇಬೇಕಾದರೆ ತಾತ್ಕಾಲಿಕ ನಿವಾಸಿ ಪರವಾನಗಿ ಕೇಳಬಹುದು. ಅದಕ್ಕೆ ಗಟ್ಟಿ ಕಾರಣ ಬೇಕು, ಕೊಡುವುದು ಬಿಡುವುದು ಅಧಿಕಾರಿಯ ವಿವೇಚನೆ.

ಅಮೆರಿಕದ ದೃಷ್ಟಿ ಬೇರೆ. ಯಾರಿಗೂ ಗಾಯವಾಗದ, ಒಂದೇ ಸಲದ ಸಾಮಾನ್ಯ ಕುಡಿದು ಓಡಿಸಿದ ಕೇಸನ್ನು ಅವರು ವೀಸಾ ತಡೆಯುವ ಮಟ್ಟದ ನೀಚ ಅಪರಾಧ ಎಂದು ಸಾಮಾನ್ಯವಾಗಿ ಎಣಿಸುವುದಿಲ್ಲ. ಅವರು ಕೇಳುವುದು ಆರೋಗ್ಯದ ಪ್ರಶ್ನೆ. ಈ ಮನುಷ್ಯನಿಗೆ ಕುಡಿತದ ಕಾಯಿಲೆ ಇದೆಯಾ, ಅದರಿಂದ ಇವನಿಗೋ ಬೇರೆಯವರಿಗೋ ಅಪಾಯ ಇದೆಯಾ? ಕಳೆದ 5 ವರ್ಷದಲ್ಲಿ ಒಂದು ಸಲ, ಅಥವಾ 10 ವರ್ಷದಲ್ಲಿ ಎರಡು ಸಲ ಇಂಥ ಬಂಧನವೋ ಶಿಕ್ಷೆಯೋ ಆಗಿದ್ದರೆ ಕಾನ್ಸುಲೇಟಿನವರು ತಮ್ಮ ಪಟ್ಟಿಯಲ್ಲಿರುವ ವೈದ್ಯರ ಬಳಿ ಕಳಿಸುತ್ತಾರೆ. ಶಿಕ್ಷೆಯೇ ಆಗಿರಬೇಕಿಲ್ಲ ಎಂಬುದನ್ನು ಗಮನಿಸಿ, ಬಂಧನವೂ ಸಾಕು. ಕುಡಿತದ ಕಾಯಿಲೆ ಇದೆ, ಅಪಾಯವೂ ಇದೆ ಎಂದು ವೈದ್ಯರು ಬರೆದರೆ ವೀಸಾ ಸಿಗುವುದಿಲ್ಲ. ಕಾಯಿಲೆ ಹಿಡಿತಕ್ಕೆ ಬಂದು 12 ತಿಂಗಳು ಕಳೆದಿರಬೇಕು ಎನ್ನುತ್ತಾರೆ. ಒಂದೇ ಸಲ ಎಡವಿದವರಿಗೆ ಇಲ್ಲಿ ಕಳೆದುಹೋಗುವುದು ಮುಖ್ಯವಾಗಿ ಸಮಯ. ಸಂದರ್ಶನ ಆದಮೇಲೆ ಮತ್ತೆ ಊರಿಂದ ಮುಂಬೈಯಂಥ ನಗರಕ್ಕೆ ಓಡಾಟ, ತಪಾಸಣೆ, ಕಾಯುವುದು. ಕಾಲೇಜು ಶುರುವಾಗುವ ದಿನ ಯಾರಿಗೂ ಕಾಯುವುದಿಲ್ಲ.

ಇದಕ್ಕಿಂತ ಕಷ್ಟದ ಪರಿಸ್ಥಿತಿ ಈಗಾಗಲೇ ಅಮೆರಿಕದಲ್ಲಿರುವ ಮಕ್ಕಳದ್ದು. ಅಲ್ಲಿ ಕುಡಿದು ಓಡಿಸಿ ಬಂಧನವಾದರೆ ವೀಸಾ ರದ್ದು ಮಾಡುವ ಪದ್ಧತಿ 2015ರ ನವೆಂಬರ್‌ನಿಂದ ಇದೆ. ಕೋರ್ಟಿನ ತೀರ್ಪಿಗೂ ಅವರು ಕಾಯುವುದಿಲ್ಲ. ಒಂದು ಇಮೇಲ್ ಬರುತ್ತದೆ, ಅಷ್ಟೇ. ವೀಸಾ ರದ್ದಾದ ಮಾತ್ರಕ್ಕೆ ಅಲ್ಲಿ ಓದುವ, ಇರುವ ಹಕ್ಕು ಅದೇ ಕ್ಷಣ ಹೋಗಬೇಕೆಂದಿಲ್ಲ. ಆದರೆ ದೇಶ ಬಿಟ್ಟು ಹೊರಗೆ ಬಂದರೆ ಹೊಸ ವೀಸಾ ಇಲ್ಲದೆ ಒಳಗೆ ಹೋಗುವಂತಿಲ್ಲ. ಶಿರಸಿಯಲ್ಲಿ ಅಮ್ಮನಿಗೆ ಆಪರೇಷನ್ ಎಂದರೂ ಹೊರಡಲು ಹತ್ತು ಸಲ ಯೋಚಿಸಬೇಕು. ಬಂದರೆ ಸಂದರ್ಶನ, ವೈದ್ಯರ ತಪಾಸಣೆ ಎಲ್ಲ ಮೊದಲಿನಿಂದ. ಮಕ್ಕಳು ಇದನ್ನು ಮನೆಗೆ ಹೇಳುವುದಿಲ್ಲ. ಯಾಕೆ ಎರಡು ವರ್ಷದಿಂದ ಊರಿಗೆ ಬಂದಿಲ್ಲ ಎಂದು ಇಲ್ಲಿ ಅಪ್ಪ ಅಮ್ಮ ಕೊರಗುತ್ತಿರುತ್ತಾರೆ. ಇದನ್ನು ಓದುತ್ತಿರುವ ಮಕ್ಕಳಿದ್ದರೆ, ದಯವಿಟ್ಟು ಮನೆಗೆ ಹೇಳಿ. ಅಲ್ಲಿನ ಇಮಿಗ್ರೇಷನ್ ವಕೀಲರನ್ನು ಕೇಳದೆ ಟಿಕೆಟ್ ಮಾಡಬೇಡಿ.

ಹಡಗಿನವರಿಗೆ ಈ ಅಮೆರಿಕದ ಮಾತು ಇನ್ನೂ ಹತ್ತಿರದ್ದು. ಅಮೆರಿಕದ ಬಂದರಿಗೆ ಹೋಗುವ ಹಡಗಿನ ಸಿಬ್ಬಂದಿಗೆ ಸಿ1/ಡಿ ವೀಸಾ ಬೇಕು. ಅದಕ್ಕೂ ತುಂಬುವುದು ಓದಲು, ಸುತ್ತಲು ಹೋಗುವವರು ತುಂಬುವ ಅದೇ ಡಿಎಸ್-160 ಎಂಬ ವೀಸಾ ಅರ್ಜಿ. ಎಂದಾದರೂ ಬಂಧನ ಅಥವಾ ಶಿಕ್ಷೆ ಆಗಿದೆಯೇ ಎಂಬ ಪ್ರಶ್ನೆಯೂ ಅದೇ. ಆ ವೀಸಾ ಇಲ್ಲದವನನ್ನು ಕಂಪನಿಯವರು ಯಾವ ಹಡಗಿಗೆ ಹಾಕುವುದು ಎಂದು ತಲೆ ಕೆರೆದುಕೊಳ್ಳುವ ಬದಲು ಮುಂದಿನ ಹುಡುಗನನ್ನು ಕರೆಯುತ್ತಾರೆ. ಹಡಗಿನ ಮೇಲಿನ ಕುಡಿತಕ್ಕೂ ಅಂತರರಾಷ್ಟ್ರೀಯ ಮಿತಿ ಇದೆ. ನಾವಿಕರ ತರಬೇತಿಯ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಆದ 2010ರ ಮನಿಲಾ ತಿದ್ದುಪಡಿಯಂತೆ ಕರ್ತವ್ಯದಲ್ಲಿರುವವರ ರಕ್ತದಲ್ಲಿ ಆಲ್ಕೋಹಾಲ್ ಶೇ. 0.05ರ ಒಳಗಿರಬೇಕು. ಅನೇಕ ಕಂಪನಿಗಳು ಸೊನ್ನೆಯನ್ನೇ ಕೇಳುತ್ತವೆ. ಇಂಥ ಕೆಲಸಕ್ಕೆ ಹೊರಟವನ ಕಡತದಲ್ಲಿ ಕುಡಿದು ಓಡಿಸಿದ ಕೇಸು ಇದ್ದರೆ ಅದು ಸಣ್ಣ ವಿಷಯವಾಗಿ ಕಾಣುವುದಿಲ್ಲ, ಅಲ್ವಾ?

ಗಲ್ಫ್ ಕಡೆ ಇಲ್ಲಿನ ಹಳೆಯ ದಂಡಕ್ಕಿಂತ ಅಲ್ಲಿ ಸಿಕ್ಕಿಬೀಳುವುದೇ ದೊಡ್ಡ ಗಂಡಾಂತರ. ಹೋಗುವ ಮೊದಲು ಕುವೈತ್‌ನಂಥ ದೇಶಗಳು ಕೆಲಸದ ವೀಸಾಕ್ಕೆ ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್ ಕೇಳುತ್ತವೆ. ನಮ್ಮವರು ಪಿಸಿಸಿ ಎನ್ನುವುದು ಅದನ್ನೇ. ಪಾಸ್‌ಪೋರ್ಟ್ ಸೇವೆಯಲ್ಲಿ ಅರ್ಜಿ ಹಾಕಿದರೆ ವಿಚಾರಣೆ ನಿಮ್ಮ ಊರಿನ ಠಾಣೆಗೆ ಬರುತ್ತದೆ, ಬಾಕಿ ಕೇಸು ಇದ್ದರೆ ಅಲ್ಲೇ ಮುಗ್ಗರಿಸುತ್ತದೆ. ಅಲ್ಲಿಗೆ ಹೋದ ಮೇಲೆ 30 ಇಲ್ಲ, 80 ಇಲ್ಲ. ಸೌದಿ, ಕುವೈತ್‌ನಲ್ಲಿ ಕುಡಿಯುವುದೇ ಅಪರಾಧ. ಯುಎಇಯಲ್ಲಿ 2025ರ ಮಾರ್ಚ್ 29ರಿಂದ ಜಾರಿಗೆ ಬಂದ ಹೊಸ ಸಂಚಾರ ಕಾನೂನಿನ ಪ್ರಕಾರ ಕುಡಿದು ಓಡಿಸಿದರೆ ಜೈಲು, 20,000ದಿಂದ 1,00,000 ದಿರ್ಹಂವರೆಗೆ ದಂಡ, ಅಥವಾ ಇವೆರಡರಲ್ಲಿ ಒಂದು. ಮೊದಲ ಸಲ ಲೈಸೆನ್ಸ್ 3 ತಿಂಗಳು ಅಮಾನತು, ಎರಡನೇ ಸಲ 6 ತಿಂಗಳು, ಮೂರನೇ ಸಲ ರದ್ದು. ಕೇಸು ನಡೆಯುವಾಗ ದೇಶ ಬಿಡದಂತೆ ತಡೆಯೂ ಬೀಳಬಹುದು. ಡ್ರೈವರ್ ಕೆಲಸಕ್ಕೆ ಹೋದವನಿಗೆ ಮೂರು ತಿಂಗಳ ಅಮಾನತು ಎಂದರೆ ಕೆಲಸವೇ ಹೋದಂತೆ.

ಬ್ರಿಟನ್ನಿಗೆ ಪ್ರವಾಸಕ್ಕೆ ಹೋಗುವವರಿಗೆ ಜೈಲಿಲ್ಲದ ಶಿಕ್ಷೆಯಾಗಿ 12 ತಿಂಗಳು ಕಳೆದಿರಬೇಕು. ಅಷ್ಟರೊಳಗೆ ಅರ್ಜಿ ಹಾಕಿದರೆ ನಿರಾಕರಣೆ. ಆಸ್ಟ್ರೇಲಿಯಾದಲ್ಲಿ ನಡತೆಯ ಪರೀಕ್ಷೆಯಲ್ಲಿ ತಾನಾಗಿ ಫೇಲ್ ಆಗುವುದು 12 ತಿಂಗಳು ಅಥವಾ ಜಾಸ್ತಿ ಜೈಲು ಶಿಕ್ಷೆ ಆದವರು. ಒಂದು ದಂಡದಿಂದ ಸಾಮಾನ್ಯವಾಗಿ ಬಾಗಿಲು ಮುಚ್ಚುವುದಿಲ್ಲ, ಆದರೆ ಕೇಳುತ್ತಾರೆ. ಯುರೋಪಿನ ಷೆಂಗೆನ್ ಪ್ರವಾಸಿ ವೀಸಾದ ಅರ್ಜಿಯಲ್ಲಿ ಈ ಪ್ರಶ್ನೆಯೇ ಇಲ್ಲ.

ಇನ್ನು ಎಲ್ಲರ ಬಾಯಲ್ಲೂ ಬರುವ ಮಾತು: "ಯಾರಿಗೆ ಗೊತ್ತಾಗುತ್ತೆ?" ಇ-ಕೋರ್ಟ್ಸ್ ತಾಣದಲ್ಲಿ ಹೆಸರು ಹಾಕಿ ಕೇಸು ಹುಡುಕಬಹುದು, ಯಾರು ಬೇಕಾದರೂ. ಪಿಸಿಸಿ ಶುದ್ಧವಾಗಿ ಬಂದರೂ ಅರ್ಜಿಯಲ್ಲಿ "ಇಲ್ಲ" ಎಂದು ಬರೆಯಲು ಅದು ಪರವಾನಗಿ ಅಲ್ಲ. ಪ್ರಶ್ನೆ ಇರುವುದು ಠಾಣೆಯ ಪುಸ್ತಕದಲ್ಲಿ ಏನಿದೆ ಎಂದಲ್ಲ, ನಿಮಗೆ ಶಿಕ್ಷೆ ಆಗಿತ್ತೇ ಎಂದು. ಸುಳ್ಳಿನ ಬೆಲೆ ಆ ಕೇಸಿಗಿಂತ ದುಬಾರಿ. ಮುಖ್ಯ ವಿಷಯ ಮುಚ್ಚಿಟ್ಟು ವೀಸಾ ಕೇಳಿದರೆ ಕೆನಡಾ 5 ವರ್ಷ, ಬ್ರಿಟನ್ 10 ವರ್ಷ ದೂರ ಇಡಬಹುದು. ಅಮೆರಿಕದಲ್ಲಿ ಅದು ಜೀವನಪೂರ್ತಿ ಅನರ್ಹತೆಯಾಗಬಹುದು. ಐದು ವರ್ಷ ಕಳೆದರೆ ಅಮೆರಿಕದವರು ವೈದ್ಯರ ಬಳಿ ಕಳಿಸುವ ನಿಯಮವೇ ಅನ್ವಯಿಸದಿದ್ದ ಒಂದು ಸಾಧಾರಣ ಕೇಸನ್ನು, ಒಂದು "ನೋ" ಒತ್ತಿ ಜೀವಮಾನದ ತಡೆ ಮಾಡಿಕೊಂಡಂತೆ. ನನಗೆ ಅತಿ ಹೆಚ್ಚು ಬೇಸರ ತರುವುದು ಇದು.

ಕಾಗದ ಜೋಡಿಸುವ ಕೆಲಸ ದಂಡ ಕಟ್ಟಿದ ವಾರವೇ ಶುರುವಾಗಲಿ. ಕೋರ್ಟಿನ ನಕಲು ವಿಭಾಗದಲ್ಲಿ ಅರ್ಜಿ ಹಾಕಿ ಆದೇಶದ ದೃಢೀಕೃತ ಪ್ರತಿ ಪಡೆಯಿರಿ. ಆರೋಪಪಟ್ಟಿಯದ್ದೂ ಪಡೆಯಿರಿ. ಸಣ್ಣ ಕೇಸುಗಳ ಕಡತವನ್ನು ಕೋರ್ಟು ಎಂದೆಂದಿಗೂ ಇಟ್ಟುಕೊಂಡಿರುವುದಿಲ್ಲ, ಹತ್ತು ವರ್ಷ ಬಿಟ್ಟು ಹೋದರೆ ಸಿಗುವ ಖಾತ್ರಿ ಇಲ್ಲ. ದಂಡದ ರಶೀದಿ, ಲೈಸೆನ್ಸ್ ಅಮಾನತಿನ ಆದೇಶ, ಅದು ಮುಗಿದ ದಾಖಲೆ ಜೊತೆಗಿಡಿ. ಕನ್ನಡದಲ್ಲಿದ್ದದ್ದನ್ನು ದೃಢೀಕೃತ ಇಂಗ್ಲಿಷ್ ಭಾಷಾಂತರ ಮಾಡಿಸಿ.

ಅರ್ಜಿಯಲ್ಲಿ ವಿವರಣೆ ಕೇಳಿದ ಜಾಗದಲ್ಲಿ ನಡೆದದ್ದನ್ನು ನಡೆದ ಹಾಗೆ ಬರೆಯಿರಿ. ದಿನಾಂಕ, ಊರು, ಕಲಂ, ಚೀಟಿಯ ಅಂಕಿ, ದಂಡದ ಮೊತ್ತ, ಕಟ್ಟಿದ ದಿನ. ಯಾರಿಗೂ ಪೆಟ್ಟಾಗದಿದ್ದರೆ ಅದು. ಆಮೇಲೆ ಬೇರೆ ಕೇಸಿಲ್ಲ ಎಂಬುದು. ಪೊಲೀಸರನ್ನು ದೂರುವುದು ಬೇಡ, ಗೆಳೆಯರ ಒತ್ತಾಯದ ಕಥೆಯೂ ಬೇಡ. ಅರ್ಧ ಪುಟ ಸಾಕು. ಏಜೆಂಟ್ ಒಬ್ಬ "ಇದಕ್ಕೆಲ್ಲ ನೋ ಅಂತ ಹಾಕಿ, ನಾವು ನೋಡ್ಕೋತೀವಿ" ಎಂದರೆ ನಿಮ್ಮ ಕಾಗದ ವಾಪಸ್ ತೆಗೆದುಕೊಂಡು ಎದ್ದು ಬನ್ನಿ. ಅರ್ಜಿಯ ಕೊನೆಯಲ್ಲಿ ಸಹಿ ಹಾಕುವವರು ನೀವು. ತಡೆ ಬಿದ್ದರೆ ಅದು ಬೀಳುವುದು ನಿಮ್ಮ ಹೆಸರಿನ ಮೇಲೆ.